ಹುಣಸೆ ರಾಶಿಯ ಫೋಟೋ ಎಲ್ಲಿದೆ?

ತುಮಕೂರಿನ ಬಟವಾಡಿಯ ಎಪಿಎಂಸಿ ಯಾರ್ಡಿಗೆ ಮಾಲು ಬಂದಾಗ ಮೊದಲು ಆಗುವ ಕೆಲಸ ಬರವಣಿಗೆ. ಯಾರ ಮಾಲು, ಎಷ್ಟು ಮೂಟೆ, ಯಾವ ಮಂಡಿಗೆ ಎಂದು ಗೇಟಿನಲ್ಲೇ ದಾಖಲಾಗಿ ಲಾಟ್ ನಂಬರಿನ ಚೀಟಿ ಸಿಗುತ್ತದೆ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಈ ಲೆಕ್ಕ ಕಂಪ್ಯೂಟರ್ ಏರಿತು. ಆಮೇಲಿನ ಟೆಂಡರು, ತೂಕ, ಬಿಲ್ಲು, ಹಣ ಸಂದಾಯ ಎಲ್ಲಕ್ಕೂ ಆ ನಂಬರೇ ಆಧಾರ. ಹುಣಸೆ ಸುಗ್ಗಿಯಲ್ಲಿ ಒಂದೇ ಬಣ್ಣದ ರಾಶಿಗಳು ಸಾಲಾಗಿ ಬಿದ್ದಿದ್ದರೂ ಒಬ್ಬರ ಮಾಲು ಇನ್ನೊಬ್ಬರ ಹೆಸರಿಗೆ ಹೋಗುವುದಿಲ್ಲವೆಂದರೆ ಅದು ಆ ಚೀಟಿಯ ಬಲ.

ಮಾರ್ಕೆಟಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಶುರುಮಾಡುವಾಗ ನನಗೆ ನೆನಪಾಗುವುದು ಈ ಚೀಟಿಯೇ. ಫೋಟೋ, ವಿಡಿಯೋ, ಪೋಸ್ಟರು, ಲೇಬಲ್ಲು, ಲೋಗೋ, ರೇಡಿಯೋ ಜಾಹೀರಾತಿನ ಧ್ವನಿ ಇವೆಲ್ಲ ಸಂಸ್ಥೆಯ ಮಾಲೇ. ದುಡ್ಡು ಸುರಿದು, ಬಿಸಿಲಲ್ಲಿ ನಿಂತು ಮಾಡಿಸಿದ್ದು. ಆದರೂ ಬಹಳಷ್ಟು ಕಚೇರಿಗಳಲ್ಲಿ ಇವು ಚೀಟಿ ಇಲ್ಲದ ರಾಶಿಗಳಾಗಿಯೇ ಬಿದ್ದಿರುತ್ತವೆ.

ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಬಟವಾಡಿಯಲ್ಲಿ ಬಿ.ಎಚ್. ರಸ್ತೆಯ ಮಗ್ಗುಲಲ್ಲಿ ಅದರ ಕಚೇರಿ. ಗುಬ್ಬಿ ಕಡೆಯ ಹುಣಸೆ, ಕುಣಿಗಲ್ ಕಡೆಯ ರಾಗಿ, ತಿಪಟೂರಿನ ಕೊಬ್ಬರಿ ತಂದು, ಹಸನು ಮಾಡಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಪ್ರಚಾರ ನೋಡಿಕೊಳ್ಳುವವರು ಮೂವರು: ಫೋಟೋ ತೆಗೆಯುವ ಒಬ್ಬ ಹುಡುಗ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಒಬ್ಬ ಹುಡುಗಿ, ಲೇಬಲ್ಲು ಪೋಸ್ಟರು ಮಾಡಿಕೊಡುವ ಹೊರಗಿನ ಡಿಟಿಪಿಯವರು. ಸಿದ್ಧಗಂಗೆಯ ಜಾತ್ರೆ ಹತ್ತಿರ ಬಂದಿದೆ, ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಬೇಕು. ಹೋದ ವರ್ಷ ಗುಬ್ಬಿಯ ತೋಟದಲ್ಲಿ ತೆಗೆದ ಹುಣಸೆ ರಾಶಿಯ ಫೋಟೋ ಬೇಕು ಎನ್ನುತ್ತಾರೆ ಮಾಲೀಕರು. ಎಲ್ಲಿದೆ? ಹುಡುಗನ ಹಳೆಯ ಫೋನಿನಲ್ಲಿ ಇತ್ತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದ. ಡಿಟಿಪಿಯವರ ಹತ್ತಿರ ಇದ್ದರೂ ಇರಬಹುದು. ಕೊನೆಗೆ ಸಿಗುವುದು ಗುಂಪಿನೊಳಗಿನ ಸಣ್ಣ ಪ್ರತಿ. ಅದನ್ನು ಆರು ಅಡಿಗೆ ಹಿಗ್ಗಿಸಿದರೆ ಹುಣಸೆ ಯಾವುದು, ಮಣ್ಣು ಯಾವುದು ತಿಳಿಯುವುದಿಲ್ಲ.

ಈ ತೊಂದರೆಗೆ ದೊಡ್ಡ ಸಾಫ್ಟ್‌ವೇರೇ ಮದ್ದು ಎಂದು ಹೊಸಬರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಫೈಲು ಒಂದು ಮೂಲೆಯಲ್ಲಿ ಹೇಗೋ ಉಳಿದುಕೊಂಡಿರುತ್ತದೆ. ಮರೆತುಹೋಗುವುದು ಅದರ ಸುತ್ತಲಿನ ಸಂಗತಿ: ಯಾರು ತೆಗೆದರು, ಎಲ್ಲಿ, ಯಾವತ್ತು, ಯಾರನ್ನು ಕೇಳಿ, ಯಾವುದಕ್ಕೆ ಬಳಸಬಹುದು. ಫೈಲು ಕೈಗೆ ಬಂದ ದಿನವೇ ಈ ಸಂಗತಿಗಳನ್ನು ಬರೆದಿಡುವ ಅಭ್ಯಾಸವಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ನೆಗೆಟಿವ್ ನಂಬರಿನ ಪುಸ್ತಕವೊಂದು ಇರುತ್ತಿತ್ತು. ವರ್ಷಗಳ ಮೇಲೆ ಬಂದು ಇನ್ನೊಂದು ಪ್ರಿಂಟ್ ಕೇಳಿದರೂ ತೆಗೆದುಕೊಡುತ್ತಿದ್ದರು.

ಮೊದಲು ಮೂಲ ಪ್ರತಿಯನ್ನು ಕಾಪಾಡಿಕೊಳ್ಳುವುದನ್ನು ಕಲಿಯೋಣ. ಸಾಮಾನ್ಯ 12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಸುಮಾರು 1600 ಪಿಕ್ಸೆಲ್ ಉದ್ದಕ್ಕೆ ಕುಗ್ಗುತ್ತದೆ. ಕೈಯಲ್ಲಿ ಹಿಡಿದು ಓದುವ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು ಎಂಬುದು ಮುದ್ರಣದವರ ಲೆಕ್ಕ. ಹಾಗಾದರೆ 1600 ಪಿಕ್ಸೆಲ್ಲಿಗೆ ಸಿಗುವುದು ಐದು ಅಂಗುಲ ಚಿಲ್ಲರೆ. ಎ4 ಹಾಳೆ ತುಂಬಬೇಕಾದರೆ 3508 ಪಿಕ್ಸೆಲ್ ಉದ್ದ ಬೇಕು. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಗುಣಮಟ್ಟ ಹೆಚ್ಚು, ಆದರೂ ಅಲ್ಲಿಯೂ ಚಿತ್ರ ಹಿಂಡಿಸಿಕೊಂಡೇ ಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮಾತ್ರ ಇದ್ದದ್ದು ಇದ್ದ ಹಾಗೆ ತಲುಪುತ್ತದೆ. ಆದ್ದರಿಂದ ‘ಒರಿಜಿನಲ್ ಕಳಿಸಿ’ ಎಂದು ಕೇಳುವಾಗ ಹೇಗೆ ಕಳಿಸಬೇಕೆಂದೂ ಹೇಳಿ. ಮೂಲ ಪ್ರತಿ ಬಂದ ಮೇಲೆ ಅದನ್ನು ತಿದ್ದಬೇಡಿ. ಜೆಪೆಗ್ ಫೈಲನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲ ಒಂದಿಷ್ಟು ಸೂಕ್ಷ್ಮ ವಿವರ ಅಳಿಸಿಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಕತ್ತರಿಸುವುದು, ಬಣ್ಣ ಸರಿಮಾಡುವುದು ಏನಿದ್ದರೂ ನಕಲಿನ ಮೇಲೆ.

ಈಗ ಹೆಸರು. ವಾಟ್ಸ್ಆ್ಯಪ್‌ನಿಂದ ಇಳಿದ ಫೋಟೋದ ಹೆಸರಿನಲ್ಲಿ ಇರುವುದು ಒಂದು ತಾರೀಖು, ಒಂದು ಕ್ರಮಸಂಖ್ಯೆ. ಆ ತಾರೀಖು ಕೂಡ ಫೋಟೋ ನಿಮಗೆ ತಲುಪಿದ ದಿನದ್ದು. ಗುಬ್ಬಿಯ ತೋಟದಲ್ಲಿ ಅದನ್ನು ತೆಗೆದ ದಿನದ್ದೇ ಆಗಿರಬೇಕಿಲ್ಲ. ನಾನು ಹೇಳಿಕೊಡುವ ಕ್ರಮ ಸರಳ: ವರ್ಷ, ತಿಂಗಳು, ದಿನ, ಆಮೇಲೆ ಊರು, ಆಮೇಲೆ ಏನು, ಕೊನೆಗೆ ಸಂಖ್ಯೆ. 2025-03-12_ಗುಬ್ಬಿ_ಹುಣಸೆರಾಶಿ_01. ವರ್ಷವನ್ನು ಮೊದಲು ಬರೆಯುವುದು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಪದ್ಧತಿ. ನಮಗೆ ರೂಢಿಯಿರುವಂತೆ ದಿನ ಮೊದಲು ಬರೆದರೆ ಎಲ್ಲ ತಿಂಗಳ 12ನೇ ತಾರೀಖುಗಳೂ ಕಂಪ್ಯೂಟರಿನಲ್ಲಿ ಒಂದೇ ಕಡೆ ಗುಂಪುಗೂಡುತ್ತವೆ. ವರ್ಷ ಮೊದಲಿದ್ದರೆ ಕಾಲಕ್ರಮ ತಾನಾಗಿ ಬರುತ್ತದೆ. ಫೈಲಿನ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಆದರೆ ಕೆಲವು ಹಳೆಯ ಮುದ್ರಣ ಯಂತ್ರಗಳ ಸಾಫ್ಟ್‌ವೇರು ಕನ್ನಡದ ಹೆಸರನ್ನು ಓದದೆ ತಕರಾರು ಮಾಡುತ್ತದೆ. ಹಾಗಾಗಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚುಟುಕಾಗಿ ಇಟ್ಟು, ಕನ್ನಡವನ್ನು ವಿವರಣೆಯಲ್ಲಿ ಧಾರಾಳವಾಗಿ ಬರೆಯುವುದು ಸದ್ಯಕ್ಕೆ ಕ್ಷೇಮ.

ವಿವರಣೆಯನ್ನು ಎಲ್ಲಿ ಬರೆಯುವುದು? ಫೋಟೋದ ಒಳಗೇ ಜಾಗವಿದೆ. ಕ್ಯಾಮೆರಾ ತಾನೇ ಬರೆದುಕೊಳ್ಳುವ ತಾರೀಖು, ಲೆನ್ಸು, ಸ್ಥಳದ ಅಕ್ಷಾಂಶ ರೇಖಾಂಶ ಮುಂತಾದವಕ್ಕೆ ಎಕ್ಸಿಫ್ ಎನ್ನುತ್ತಾರೆ. ಜಪಾನಿನಲ್ಲಿ ರೂಪುಗೊಂಡ ಈ ಮಾನದಂಡ ಬಂದದ್ದು 1995ರಲ್ಲಿ. ಮನುಷ್ಯರು ಬರೆಯಬೇಕಾದ ಶೀರ್ಷಿಕೆ, ವಿವರಣೆ, ಛಾಯಾಗ್ರಾಹಕರ ಹೆಸರು, ಹಕ್ಕು, ಹುಡುಕುಪದ ಇವಕ್ಕೆ ಸುದ್ದಿಸಂಸ್ಥೆಗಳ ಒಕ್ಕೂಟ ರೂಪಿಸಿದ ಐಪಿಟಿಸಿ ಎಂಬ ಇನ್ನೊಂದು ಮಾನದಂಡವಿದೆ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಇವನ್ನೆಲ್ಲ ತುಂಬಬಹುದು. ಹೀಗೆ ಬರೆದದ್ದು ಫೋಟೋದ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಷ್ಟೂ ಕಳಚಿಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಏರಿಸುವ ಮೊದಲು ಸ್ಥಳದ ಅಕ್ಷಾಂಶ ರೇಖಾಂಶವನ್ನು ತೆಗೆದುಹಾಕಿ. ರೈತರ ಮನೆಯ ಅಂಗಳದಲ್ಲಿ ತೆಗೆದ ಚಿತ್ರ ಮನೆಯ ದಾರಿಯನ್ನು ಅಪರಿಚಿತರಿಗೆಲ್ಲ ಹೇಳುವಂತಾಗಬಾರದು.

ಹುಡುಕುಪದ ಬರೆಯುವಾಗ ಆರು ತಿಂಗಳ ಮೇಲೆ ಕೆಲಸಕ್ಕೆ ಸೇರಲಿರುವವರು ಏನೆಂದು ಟೈಪ್ ಮಾಡಿ ಹುಡುಕಬಹುದು ಎಂದು ಯೋಚಿಸಿ. ನಮ್ಮ ಊರಿನದೇ ನಿದರ್ಶನವಿದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಸೇರಿ ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ‘ತುಮಕೂರ್’ ಎಂಬಂತೆ ಬರೆಯುತ್ತಿದ್ದದ್ದು ‘ತುಮಕೂರು’ ಆಯಿತು. ಅದಕ್ಕೂ ಹಿಂದಿನ ಫೈಲುಗಳು ಒಂದು ಕಾಗುಣಿತದಲ್ಲಿ, ಈಚಿನವು ಇನ್ನೊಂದರಲ್ಲಿ. ಬಟವಾಡಿಯನ್ನಂತೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಆದ್ದರಿಂದ ತಂಡದವರೆಲ್ಲ ಕೂತು ಒಂದು ಪದಪಟ್ಟಿ ಮಾಡಿಕೊಳ್ಳಬೇಕು: ಊರುಗಳು, ಪದಾರ್ಥಗಳು, ಹಬ್ಬಗಳು, ಪ್ರತಿಯೊಂದಕ್ಕೂ ಒಪ್ಪಿದ ಒಂದೇ ರೂಪ. ಪಟ್ಟಿ ಚಿಕ್ಕದಿರಲಿ, ನೂರು ಪದ ದಾಟಿದರೆ ಯಾರೂ ನೋಡುವುದಿಲ್ಲ.

ವಿವರಣೆ ನಿಜವಾಗಿರಬೇಕು ಎಂಬುದನ್ನು ಒತ್ತಿ ಹೇಳಬೇಕು. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಒಂದು ತೋಟದ ಮರದಿಂದ ಗುರುತಿಸಿದ ‘ಸಿದ್ದು’ ಹಲಸು ಈಗ ನಾಡಿಗೆಲ್ಲ ಗೊತ್ತು. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದ ಮೂಲಕ ಬೆಳಕಿಗೆ ಬಂದ ತಾಮ್ರಗೆಂಪು ತೊಳೆಯ ತಳಿ ಅದು. ಆದರೆ ಕೆಂಪು ತೊಳೆಯ ಹಲಸೆಲ್ಲ ಸಿದ್ದು ಅಲ್ಲ. ಯಾವುದೋ ಕೆಂಪು ಹಲಸಿನ ಫೋಟೋಗೆ ಆತುರದಲ್ಲಿ ‘ಸಿದ್ದು’ ಎಂದು ಹುಡುಕುಪದ ಕೊಟ್ಟರೆ, ನಾಳೆ ಅದನ್ನು ನಂಬಿ ಜಾಹೀರಾತು ಮಾಡುತ್ತಾರೆ. ಜಾಹೀರಾತನ್ನು ನಂಬಿದ ರೈತ ಸಸಿ ಕೊಂಡು ನೆಟ್ಟು ವರ್ಷಗಟ್ಟಲೆ ಕಾಯುತ್ತಾನೆ. ಖಚಿತವಿಲ್ಲದಿದ್ದರೆ ‘ಕೆಂಪು ತೊಳೆ ಹಲಸು, ತಳಿ ತಿಳಿದಿಲ್ಲ’ ಎಂದು ಬರೆಯುವುದು ಮರ್ಯಾದೆಯ ಕೆಲಸ.

ಕನ್ನಡದಂಥ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ತೊಡಕೊಂದಿದೆ. ಇಂಗ್ಲಿಷಿನ ಕೈಪಿಡಿಗಳಲ್ಲಿ ಅದರ ಮಾತು ಬರುವುದೇ ಇಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್‌ಡ್ರಾ, ಫೋಟೋಶಾಪ್‌ಗಳಲ್ಲಿ ಕನ್ನಡವನ್ನು ಬಹುಕಾಲದಿಂದ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಮಾದರಿಯ ಫಾಂಟುಗಳಲ್ಲಿ ಬೆರಳಚ್ಚಿಸುತ್ತಾರೆ. ಹಳೆಯ ಆವೃತ್ತಿಗಳಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕೇ ಈ ರೂಢಿ ಬೇರೂರಿತು. ಈ ಫಾಂಟುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ. ಫೈಲಿನೊಳಗೆ ಕೂತಿರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಹುಣಸೆ’ ಇದ್ದ ಕಡೆ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ‘ಹುಣಸೆ’ ಎಂದು ಹುಡುಕಿದರೆ ಆ ಫೈಲು ಸಿಗುವುದೂ ಇಲ್ಲ.

ಇದಕ್ಕೆ ಡಿಟಿಪಿಯವರು ಕಂಡುಕೊಂಡ ಉಪಾಯ ‘ಕರ್ವ್ ಮಾಡಿ ಕಳಿಸುವುದು’, ಎಂದರೆ ಅಕ್ಷರಗಳನ್ನು ಚಿತ್ರರೇಖೆಗಳಾಗಿ ಮಾರ್ಪಡಿಸುವುದು. ಮುದ್ರಣಕ್ಕೆ ಇದು ಒಳ್ಳೆಯದು. ಫಾಂಟು ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಆದರೆ ಕರ್ವ್ ಆದ ಫೈಲಿನಲ್ಲಿ ಒಂದು ಬೆಲೆ, ಒಂದು ಕಾಗುಣಿತ ತಿದ್ದುವುದೂ ಆಗದು. ಹಾಗಾಗಿ ಕೆಲಸ ಒಪ್ಪಿಸುವಾಗಲೇ ಕೇಳಿ ಪಡೆಯಬೇಕು: ತಿದ್ದಲು ಬರುವ ‘ಓಪನ್ ಫೈಲ್’, ಕರ್ವ್ ಆದ ಮುದ್ರಣದ ಫೈಲು, ನೋಡಲು ಒಂದು ಪಿಡಿಎಫ್, ಬಳಸಿದ ಫಾಂಟುಗಳ ಹೆಸರು, ಜೊತೆಗೆ ಪೋಸ್ಟರಿನ ಅಷ್ಟೂ ಮಾತು ಯುನಿಕೋಡಿನಲ್ಲಿ ಬೆರಳಚ್ಚಾದ ಒಂದು ಸಾದಾ ಪಠ್ಯದ ಫೈಲು. ಕೊನೆಯದನ್ನು ಬಹಳ ಜನ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ, ಏಕೆಂದರೆ ಹುಡುಕಾಟಕ್ಕೆ ಸಿಗುವುದು ಅದೊಂದೇ. ವೆಬ್‌ಸೈಟಿಗೆ, ವಾಟ್ಸ್ಆ್ಯಪ್ ಸಂದೇಶಕ್ಕೆ ಮತ್ತೆ ಬೆರಳಚ್ಚಿಸದೆ ಬಳಸಲು ಬರುವುದೂ ಅದೇ. ಕೋರೆಲ್ ಫೈಲನ್ನು ಯಾವ ಆವೃತ್ತಿಯಲ್ಲಿ ಉಳಿಸಿದ್ದಾರೆಂದು ಕೇಳಿಟ್ಟುಕೊಳ್ಳಿ. ಹೊಸ ಆವೃತ್ತಿಯದು ಹಳೆಯದರಲ್ಲಿ ತೆರೆಯುವುದಿಲ್ಲ.

‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಎಂಬ ಹೆಸರಿನ ಲೇಬಲ್ಲುಗಳು ಒಂದೇ ಕಡೆ ಇದ್ದರೆ ಮುದ್ರಣಕ್ಕೆ ಯಾವುದು ಹೋಗುತ್ತದೋ ಹೇಳಲಾಗದು. ವಿ01, ವಿ02 ಎಂದು ಸಂಖ್ಯೆ ಕೊಡುತ್ತಾ ಹೋಗಿ, ಒಪ್ಪಿಗೆಯಾದದ್ದನ್ನು ‘ಒಪ್ಪಿತ’ ಎಂಬ ಬೇರೆ ಫೋಲ್ಡರಿಗೆ ಸೇರಿಸಿ, ಹಳೆಯದನ್ನು ‘ಹಳತು’ ಫೋಲ್ಡರಿಗೆ ಸರಿಸಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ತುಪ್ಪ, ಪೊಟ್ಟಣದ ಕುರುಕಲು ತಿಂಡಿ, ಪೊಟ್ಟಣದ ಎಳನೀರು ಇಂಥವು ಶೇ 12ರಿಂದ ಶೇ 5ಕ್ಕೆ ಇಳಿದವು. ಅದರ ಹಿಂದಿನ ದಿನದವರೆಗೆ ಸರಿಯಿದ್ದ ಬೆಲೆಪಟ್ಟಿ, ಪೋಸ್ಟರು, ಸ್ಟೇಟಸ್ ಚಿತ್ರ ಮರುದಿನ ತಪ್ಪಾದವು. ಯಾವ ಯಾವ ಫೈಲಿನಲ್ಲಿ ಬೆಲೆ ಇದೆ ಎಂದು ಮೊದಲೇ ಗುರುತು ಮಾಡಿಟ್ಟ ಕಡೆ ಬದಲಾವಣೆ ಸಲೀಸು. ಆಹಾರದ ಲೇಬಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕೆಯ ಪರವಾನಗಿ ಸಂಖ್ಯೆಯೂ ಇರುತ್ತದೆ. ಸಂಖ್ಯೆ ಬದಲಾದ ಮೇಲೆ ಹಳೆಯ ಲೇಬಲ್ಲು ಅಚ್ಚಾದರೆ ಆಗುವ ನಷ್ಟ ಕಾಗದದ್ದಷ್ಟೇ ಅಲ್ಲ. ಅವಧಿ ಮುಗಿಯುವ ಫೈಲುಗಳಿಗೆ ಮುಗಿಯುವ ತಾರೀಖನ್ನೂ ಬರೆಯಿರಿ: ಹಬ್ಬದ ರಿಯಾಯಿತಿ, ಹರಾಜಿನ ದರ, ರೂಪದರ್ಶಿಯ ಕರಾರು.

ಇನ್ನು ಹಕ್ಕಿನ ವಿಚಾರ. ಗೂಗಲ್ಲಿನಲ್ಲಿ ಸಿಕ್ಕಿದ್ದು ಎಲ್ಲರದ್ದು ಎಂಬ ನಂಬಿಕೆಯನ್ನು ಮೊದಲ ದಿನವೇ ಬಿಡಬೇಕು. ಚಿತ್ರಕ್ಕೆ ಒಡೆಯರಿರುತ್ತಾರೆ. ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಬಳಸಲು ಅನುಮತಿ ಇರುವ ಚಿತ್ರಗಳು ಸಿಗುತ್ತವೆ, ಅಲ್ಲಿಯೂ ಬಹುಪಾಲು ಚಿತ್ರಗಳಿಗೆ ತೆಗೆದವರ ಹೆಸರು ಹಾಕಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ನೀವೇ ತೆಗೆಸಿದ ಫೋಟೋ ಅಥವಾ ಚಿತ್ರೀಕರಿಸಿದ ವಿಡಿಯೋದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಹೊರಗಿನ ಕಲಾವಿದರು ಬರೆದುಕೊಟ್ಟ ಲೋಗೋಗೆ ಈ ಮಾತು ಅನ್ವಯಿಸುತ್ತದೆಂದು ನಂಬಿ ಕೂರಬೇಡಿ. ಅದಕ್ಕೆ ಬರವಣಿಗೆಯ ಹಸ್ತಾಂತರ, ಸಹಿ ಬೇಕು. 19ನೇ ಕಲಮಿನ ಪ್ರಕಾರ ಹಸ್ತಾಂತರ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥ. ತನ್ನ ಲೋಗೋ ಐದು ವರ್ಷಕ್ಕೆ ಮಾತ್ರ ತನ್ನದು ಎಂಬುದು ತಿಳಿಯದೆಯೇ ಹೊಸ ಪೊಟ್ಟಣ ಅಚ್ಚು ಹಾಕಿಸುವ ಸಂಸ್ಥೆ ಎಂಥ ಇಕ್ಕಟ್ಟಿಗೆ ಸಿಗಬಹುದು ಯೋಚಿಸಿ. ಆ ಪತ್ರದ ಸ್ಕ್ಯಾನ್ ಪ್ರತಿ ಲೋಗೋದ ಫೋಲ್ಡರಿನಲ್ಲೇ ಇರಬೇಕು. ರೀಲ್‌ಗಳ ಹಾಡಿಗೂ ಇದೇ ಎಚ್ಚರ: ವ್ಯಕ್ತಿಗಳ ಖಾತೆಗೆ ಸಿಗುವ ಸಿನಿಮಾ ಹಾಡುಗಳೆಲ್ಲ ವ್ಯಾಪಾರದ ಖಾತೆಗೆ ಸಿಗುವುದಿಲ್ಲ.

ಫೋಟೋದಲ್ಲಿರುವ ಮನುಷ್ಯರ ಮಾತು ಇದಕ್ಕಿಂತ ನಾಜೂಕು. ಗುಬ್ಬಿಯ ತೋಟದಲ್ಲಿ ಹುಣಸೆ ಬಿಡಿಸುತ್ತಾ ಕೂತ ಹೆಂಗಸರ ಚಿತ್ರ ಚೆನ್ನಾಗಿರುತ್ತದೆ, ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ತಮ್ಮ ಮುಖ ಬೆಂಗಳೂರಿನ ಅಂಗಡಿಗಳ ಪೊಟ್ಟಣದ ಮೇಲೆ ಬರಲಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಮಾಡಿ, ಓದಿ ಹೇಳಿ, ಯಾವುದಕ್ಕೆ ಬಳಸುತ್ತೇವೆ, ಎಷ್ಟು ಕಾಲ ಎಂದು ತಿಳಿಸಿ ಸಹಿ ಪಡೆಯಿರಿ. ಓದು ಬಾರದವರಿದ್ದರೆ ಅವರು ಒಪ್ಪಿದ್ದನ್ನು ಅವರ ಮಾತಿನಲ್ಲೇ ಫೋನಿನಲ್ಲಿ ದಾಖಲಿಸಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುತ್ತಿವೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಅದರಲ್ಲಿದೆ. 18 ವರ್ಷದೊಳಗಿನವರ ವಿಚಾರದಲ್ಲಿ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಎಡೆಯೂರಿನ ಜಾತ್ರೆಯಲ್ಲಿ ನಿಮ್ಮ ಮಳಿಗೆಯ ಮುಂದೆ ತೆಗೆದ ಮಗುವಿನ ಚಂದದ ಫೋಟೋ ಜಾಹೀರಾತಿಗೆ ಹೋಗಬಾರದು, ಪೋಷಕರನ್ನು ಕೇಳಿಲ್ಲದಿದ್ದರೆ. ‘ನನ್ನ ಚಿತ್ರ ತೆಗೆದುಹಾಕಿ’ ಎಂದು ಯಾರಾದರೂ ಬಂದಾಗ ಆ ವ್ಯಕ್ತಿ ಇರುವ ಫೈಲುಗಳೆಲ್ಲ ಎಲ್ಲಿವೆ ಎಂದು ಹೇಳುವ ಸ್ಥಿತಿಯಲ್ಲಿ ನೀವಿರಬೇಕು. ಒಪ್ಪಿಗೆ ಪತ್ರಕ್ಕೂ ಫೋಟೋಗೂ ಒಂದೇ ಸಂಖ್ಯೆ ಕೊಟ್ಟರೆ ಇದು ಕಷ್ಟವಲ್ಲ.

ಕಾಪಾಡುವುದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮ ಈಗಲೂ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಬಟವಾಡಿಯ ಕಂಪ್ಯೂಟರಿನಲ್ಲಿ ಒಂದು, ಹಾರ್ಡ್‌ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲೋ ಕುಣಿಗಲ್‌ನ ಗೋದಾಮಿನಲ್ಲೋ ಇನ್ನೊಂದು. ಗೂಗಲ್ ಡ್ರೈವ್ ಜೋಡಿಸಿದ್ದೇವೆ, ಅದೇ ಬ್ಯಾಕಪ್ ಎಂದು ನೆಮ್ಮದಿಯಾಗಿರಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಹೋಗಿಬಿಡುತ್ತದೆ. ಉಚಿತ ಖಾತೆಯ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲ ಸೇರಿವೆ. 4ಕೆ ವಿಡಿಯೋ ನಿಮಿಷಕ್ಕೆ 350 ಎಂಬಿ ಹಿಡಿದರೆ ಮುಕ್ಕಾಲು ಗಂಟೆಯೊಳಗೆ ಅದು ಭರ್ತಿ. ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಫೋಟೋ ತೆಗೆಯುವ ಹುಡುಗನ ಸ್ವಂತ ಜಿಮೇಲಿನಲ್ಲಿ ಸಂಸ್ಥೆಯ ಐದು ವರ್ಷದ ಕೆಲಸವಿದ್ದು ಅವನು ಬೇರೆ ಕೆಲಸಕ್ಕೆ ಹೋದರೆ, ಅವನಿಗೂ ಮುಜುಗರ, ಸಂಸ್ಥೆಗೂ ಪೇಚು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ಅಧಿಕಾರವನ್ನು ಗೂಗಲ್ 2023ರಿಂದ ಇಟ್ಟುಕೊಂಡಿದೆ.

ಸಾಫ್ಟ್‌ವೇರು ಯಾವಾಗ ಬೇಕು? ಮೂವರ ತಂಡಕ್ಕೆ ಒಂದು ಹಂಚಿಕೆಯ ಫೋಲ್ಡರು, ಒಂದು ಎಕ್ಸೆಲ್ ದಾಖಲೆ ಸಾಕು. ದಾಖಲೆಯಲ್ಲಿ ಫೈಲಿನ ಹೆಸರು, ವಿವರಣೆ, ತೆಗೆದವರು, ಹಕ್ಕು, ಒಪ್ಪಿಗೆ ಸಂಖ್ಯೆ, ಮುಗಿಯುವ ತಾರೀಖು, ಎಲ್ಲಿ ಬಳಸಿದ್ದೇವೆ ಎಂಬ ಅಂಕಣಗಳಿರಲಿ. ಊರೂರಿನ ಶಾಖೆಗಳು, ವಿತರಕರು, ಹೊರಗಿನ ಜಾಹೀರಾತು ಏಜೆನ್ಸಿ ಎಲ್ಲರೂ ಒಂದೇ ಕಣಜದಿಂದ ಫೈಲು ತೆಗೆಯುವಂತಾದಾಗ ಮುಂದಿನ ಹೆಜ್ಜೆ ಇಡಬಹುದು. ಆಗಲೂ ದುಬಾರಿ ಚಂದಾ ಕಟ್ಟುವ ಮೊದಲು ರಿಸೋರ್ಸ್‌ಸ್ಪೇಸ್ ಎಂಬ ಮುಕ್ತ ತಂತ್ರಾಂಶವನ್ನು ನೋಡಿ. ಆಕ್ಸ್‌ಫ್ಯಾಮ್ ಸೇವಾಸಂಸ್ಥೆಗಾಗಿ ಮೊದಲು ರೂಪುಗೊಂಡದ್ದು ಅದು. ಎಕ್ಸೆಲ್ ದಾಖಲೆ ಶಿಸ್ತಾಗಿದ್ದರೆ ಅದನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು ಸುಲಭ.

ಹಳೆಯ ರಾಶಿಯನ್ನು ಏನು ಮಾಡುವುದು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಪೂರ್ತಿ ವಿಂಗಡಿಸಿ ಆಮೇಲೆ ಹೊಸದನ್ನು ಶುರುಮಾಡುತ್ತೇನೆ ಎಂದು ಹೊರಡಬೇಡಿ. ಇಂದಿನಿಂದ ಬರುವ ಫೈಲುಗಳಿಗೆ ಹೊಸ ಕ್ರಮ ಹಿಡಿಯಿರಿ. ಹಳೆಯದನ್ನೆಲ್ಲ ಒಂದು ಡಿಸ್ಕಿಗೆ ತಂದು, ವರ್ಷವಾರು ಫೋಲ್ಡರು ಮಾಡಿ, ಬ್ಯಾಕಪ್ ಮಾಡಿಟ್ಟುಬಿಡಿ. ಆ ರಾಶಿಯಿಂದ ಯಾವುದಾದರೂ ಫೋಟೋ ಬೇಕಾಗಿ ತೆಗೆದ ದಿನ, ಅದೊಂದಕ್ಕೆ ಮಾತ್ರ ಹೆಸರು, ವಿವರಣೆ, ಹಕ್ಕಿನ ಮಾಹಿತಿ ಸೇರಿಸಿ ಹೊಸ ಫೋಲ್ಡರಿಗೆ ತನ್ನಿ. ತಂಡದಲ್ಲಿ ಒಬ್ಬರಿಗೆ ಇದರ ಜವಾಬ್ದಾರಿ ಕೊಟ್ಟು, ವಾರಕ್ಕೊಮ್ಮೆ ಅದಕ್ಕೆಂದೇ ಹೊತ್ತು ಮೀಸಲಿಡಿ. ಹೊತ್ತಿನ ಲೆಕ್ಕವನ್ನು ಸಂಬಳದ ಕೆಲಸದೊಳಗೇ ಸೇರಿಸಿ ಎಂದು ಮಾಲೀಕರಿಗೂ ನನ್ನ ಮನವಿ. ಶುರುವಿಗೆ ಈ ವಾರ ತೆಗೆದ ಫೋಟೋಗಳಲ್ಲಿ ಹತ್ತನ್ನು ಆರಿಸಿಕೊಂಡು, ತೆಗೆದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿ ಕೇಳಿ ಬರೆಯಿರಿ.